ಪ್ರಾಂಪ್ಟರ್ ಬೇಡವೆಂದ ದೊರೆ

ಸರಟೋಗಾ
೧೨ ಆಗಸ್ಟ್ ೨೦೨೪

ಬಸ್ಸುವಾಸಿ ಸಮದ್‌ಗೆ,

ನಿನ್ನ ಫೋನ್ ನಂಬರನ್ನು ಬ್ಲಾಕ್ ಮಾಡಿದ್ದೇನೆ. ಇಷ್ಟರಲ್ಲಿ ನಿನಗೆ ಗೊತ್ತಾಗಿರಬೇಕು. ನಿನ್ನ ದನಿ ಇನ್ನು ಈ ಮನೆಯಲ್ಲಿ ಕೇಳಿಸಕೂಡದು. ಆದರೆ ನಿನ್ನನ್ನು ಬೈಯದೆ ಇರುವುದು ನನ್ನಿಂದಾಗದ ಮಾತು. ಅದಕ್ಕೇ ಈ ಕಾಗದ.

ಶನಿವಾರ ಲೈಸೆನ್ಸು ಕೊಡುವ ಡಿಎಂವಿಯಿಂದ ನನಗೊಂದು ನೋಟೀಸು ಬಂತು. ವಾಸುದೇವ ಎಂಬ ಮುದುಕ ಕಾರು ಓಡಿಸಲು ಯೋಗ್ಯನೋ ಅಲ್ಲವೋ ಎಂದು ಮರುಪರೀಕ್ಷೆ ಮಾಡುತ್ತಾರಂತೆ. ಯಾರೋ ಹಿತೈಷಿಗಳು ಅರ್ಜಿ ಹಾಕಿದ್ದಾರೆ. ಯಾರೆಂದು ನನಗೆ ಯಾರೂ ಹೇಳಬೇಕಾಗಿಲ್ಲ. ಲೈಬ್ರರಿಯ ಪಾರ್ಕಿಂಗ್ ಲಾಟಿನಲ್ಲಿ ತರಗತಿಯ ಜನರೆಲ್ಲ ನಿಂತಿರುವಾಗ, 'ನಿನ್ನ ಕಾರ್ ನಾ ಹತ್ತಂಗಿಲ್ಲಪಾ' ಎಂದು ಕೋಲೂರಿಕೊಂಡು ಬಸ್ ಸ್ಟಾಪಿನ ಕಡೆ ನಡೆದ ಮಹಾನುಭಾವ ಒಬ್ಬನೇ.

ನಾವಿಬ್ಬರೂ ಸೇರಿ ಈ ಬೇ ಏರಿಯಾದಲ್ಲಿ ಕನ್ನಡ ನಾಟಕ ಕಟ್ಟಿದವರು. ನೀನು ಬರೆದೆ, ನಾನು ದೊರೆಯ ಪಾರ್ಟು ಮಾಡಿದೆ, ನನ್ನ ಹೆಂಡತಿ ಪ್ರಭಾ ಪರದೆಯ ಮರೆಯಲ್ಲಿ ನಿಂತು ಪ್ರಾಂಪ್ಟ್ ಮಾಡಿದಳು. ರಿಟೈರಾದ ಮೇಲೂ ಬಿಡಲಿಲ್ಲ, ಶನಿವಾರ ಶನಿವಾರ ಗ್ರೀಕ್ ದುರಂತ ನಾಟಕಗಳ ತರಗತಿ ಹಿಡಿದು ಕೂತೆವು. ಅಲ್ಲಿ ನಾನು ರಾಜರ ಹಟದ ಬಗ್ಗೆ ಪಾಠ ಹೇಳುವಾಗ ನೀನು ಹಿಂದಿನ ಸಾಲಿನಲ್ಲಿ ಕೂತು ಮೀಸೆಯೊಳಗೆ ನಗುತ್ತಿದ್ದೆ. ಯಾಕೆಂದು ಈಗ ಅರ್ಥವಾಯಿತು.

ನಗು. ಆದರೆ ಒಂದು ತಿಳಿದುಕೋ. ಆ ರಾಜರು ದಡ್ಡರು. ಕುರುಡ ಕಣಿಗಾರ ಬಂದು ಹೇಳುತ್ತಾನೆ, ಮೇಳದ ಮುದುಕರು ಹೇಳುತ್ತಾರೆ, ಹೆತ್ತ ಮಗ ಹೇಳುತ್ತಾನೆ, ಕೇಳುವುದಿಲ್ಲ. ಅವರು ತಪ್ಪು ಮಾಡಿಕೊಂಡು ಹಟ ಹಿಡಿದವರು. ನಾನು ಸರಿಯಾಗಿದ್ದುಕೊಂಡು ಹಟ ಹಿಡಿದವನು. ಕಣ್ಣಿನ ನಡುವೆ ಒಂಚೂರು ಮಸುಕು ಇದೆಯೆಂದು ಡಾಕ್ಟರು ಹೇಳಿದ್ದು ನಿಜ. ಈ ವಯಸ್ಸಿನಲ್ಲಿ ಮಸುಕು ಯಾರಿಗಿಲ್ಲ?

ನೀನು ಈ ಮನೆಗೆ ಬಂದು ತಪ್ಪಾಯಿತು ಎನ್ನುವವರೆಗೆ ನಾನು ನಿನ್ನ ಮನೆಯ ಮೆಟ್ಟಿಲು ತುಳಿಯುವುದಿಲ್ಲ, ಫೋನೂ ಮಾಡುವುದಿಲ್ಲ.

ಇಂತಿ,
ಇನ್ನೂ ಕಣ್ಣಿರುವ
ವಾಸುದೇವ


ಬೆರ್ರಿಯೆಸಾ
೨೧ ಆಗಸ್ಟ್ ೨೦೨೪

ಸರಟೋಗಾ ಗುಡ್ಡದ ದೊರೆಗಳ ಸನ್ನಿಧಿಗೆ,

ನಿನ್ನ ಕಾಗದ ಬಂತು. ಕಾಗದ ಅನ್ನಲೋ ಪಾರ್ಸೆಲ್ ಅನ್ನಲೋ ತಿಳಿಯಲಿಲ್ಲ. ಪುಟಕ್ಕೆ ನಾಲ್ಕೇ ಸಾಲು, ಅದೂ ಮಾರ್ಕರ್ ಪೆನ್ನಿನಲ್ಲಿ, ಒಂದೊಂದು ಅಕ್ಷರವೂ ಅಂಗಡಿ ಬೋರ್ಡಿನಷ್ಟು. ನನ್ನ ಹೆಂಡತಿ ನೂರುನ್ನಿಸಾ ಅಡಿಗೆಮನೆಯಿಂದಲೇ ಓದಿ, 'ವಾಸುದೇವಣ್ಣಾರ ಕಣ್ಣು ಇಷ್ಟು ಕೆಟ್ಟಾವೇನ್ರೀ?' ಎಂದಳು. ಇನ್ನೂ ಕಣ್ಣಿರುವ ವಾಸುದೇವನಂತೆ!

ಹೌದು, ಅರ್ಜಿ ಹಾಕಿದವನು ನಾನೇ. ಮುಚ್ಚುಮರೆ ಏನಿಲ್ಲ. ಯಾಕೆ ಹಾಕಿದೆನೆಂದೂ ಹೇಳುತ್ತೇನೆ. ಜೂನಿನಲ್ಲಿ ನಿನ್ನ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಸರಟೋಗಾ ಅವೆನ್ಯೂದಲ್ಲಿ ಬಂದೆನಲ್ಲ, ಆವತ್ತು ಪ್ರಭಾ ಅವರು ಮುಂದೆ ಕೂತು ಮೆಲ್ಲಗೆ ಹೇಳುತ್ತಿದ್ದರು: 'ಕೆಂಪು ರೀ... ಹಾಂ, ಹಸಿರು... ಎಡಗಡೆ ಸೈಕಲ್ಲು... ಬ್ರೇಕ್ ಹಾಕಿ.' ನೀನು ಅವರು ಹೇಳಿದಂತೆ ಕಾಲು ಒತ್ತುತ್ತ, ಗ್ರೀಕರ ಮೇಳದ ಬಗ್ಗೆ ನನಗೆ ಭಾಷಣ ಕೊಡುತ್ತಿದ್ದೆ. ರಂಗದ ಮೇಲೆ ನಿನಗೆ ಮಾತು ಮರೆತಾಗ ಅವರು ಎತ್ತಿಕೊಡುತ್ತಿದ್ದ ದನಿ ಅದೇ.

ನನಗೆ ಗ್ಲಾಕೋಮಾ ಆಗಿ ಕಣ್ಣಿನ ಅಂಚು ಹೋಗಿದೆ, ನಿನಗೆ ನಡುವೇ ಹೋಗಿದೆ. ಇಬ್ಬರನ್ನೂ ಸೇರಿಸಿ ಹೊಲಿದರೆ ಒಬ್ಬ ಡ್ರೈವರ್ ಆದಾನು. ಅದು ಆಗುವ ಹೋಗುವ ಮಾತಲ್ಲವೆಂದು ನಾನು ಕೀ ಒಯ್ದು ನೂರುನ್ನಿಸಾಳ ಕೈಗೆ ಕೊಟ್ಟೆ. ನೀನು ನಗುವ ಆ ಬಸ್ಸಿನಲ್ಲಿ ನನಗೆ ಸೀಟು ಬಿಟ್ಟುಕೊಡುತ್ತಾರೆ.

ಗ್ರೀಕರ ಮಾದರಿಯಲ್ಲಿ ನಾನು ನಿನಗಾಗಿಯೇ ಬರೆದ ನಾಟಕ ನೆನಪಿದೆಯೇ? ಸೂರ್ಯ ಮುಳುಗಿದ ಮೇಲೆ ಬಂದರಿನ ಬಾಗಿಲು ತೆಗೆಯುವುದಿಲ್ಲ ಎಂದು ಆಣೆ ಮಾಡಿದ ದೊರೆ. ಬಿರುಗಾಳಿಯಲ್ಲಿ ಅವನ ರಾಣಿಯ ಹಡಗೇ ಹೊರಗೆ ನಿಂತಿರುತ್ತದೆ. ಊರೆಲ್ಲ ಕಾಲಿಗೆ ಬಿದ್ದ ಮೇಲೆ ಒಪ್ಪುತ್ತಾನೆ. ಆದರೆ ದೊರೆಯಾದವನು ಸುಮ್ಮನೆ ಬಾಗಿಲು ತೆಗೆಯುತ್ತಾನೆಯೇ? ಕಿರೀಟ ತನ್ನಿ, ಕಹಳೆ ಊದಿ ಎನ್ನುತ್ತಾನೆ. ಕಿರೀಟ ಬರುವ ಹೊತ್ತಿಗೆ ಹಡಗು ಒಡೆದಿರುತ್ತದೆ. ಆ ಪಾರ್ಟನ್ನು ನೀನು ಚೆನ್ನಾಗಿ ಮಾಡಿದೆ ಎಂದು ಜನ ಹೊಗಳಿದರು. ನೀನು ಪಾರ್ಟು ಮಾಡಿರಲಿಲ್ಲ ಎಂದು ನನಗೆ ಈಗ ಅನಿಸುತ್ತಿದೆ.

ನಿನ್ನ ಜೀವದ ಚಿಂತೆ ನನಗೆ ಅಷ್ಟಾಗಿ ಇಲ್ಲ. ಪಕ್ಕದ ಸೀಟಿನಲ್ಲಿ ಕೂರುವವರದು ಇದೆ.

ತಪ್ಪಾಯಿತು ಎನ್ನಲು ನಾನು ಬರುವುದಿಲ್ಲ. ನೀನಾಗಿ ಕರೆಯುವವರೆಗೆ ಫೋನೂ ಇಲ್ಲ.

ನಿನ್ನ ಕುರುಡ ಕಣಿಗಾರ,
ಸಮದ್


ಸರಟೋಗಾ
೪ ಸೆಪ್ಟೆಂಬರ್ ೨೦೨೪

ಕಣಿಗಾರನಿಗೆ,

ನಿನ್ನ ಕಾಗದವನ್ನು ಪ್ರಭಾ ಓದಿ ಹೇಳಿದಳು. ಅವಳ ಹೆಸರು ಬಂದ ಕಡೆಯೆಲ್ಲ ದನಿ ತಗ್ಗಿಸಿ ಓಡಿಸಿದಳು. ನಾನು ಮತ್ತೆ ಓದು ಎಂದೆ. 'ಓದಿದ್ನಲ್ಲ' ಎಂದು ಎದ್ದು ಹೋದಳು.

ಮರುಪರೀಕ್ಷೆಯನ್ನು ಮುಂದಕ್ಕೆ ಹಾಕಿಸಿದ್ದೇನೆ. ಜ್ವರ ಎಂದೆ. ನವೆಂಬರ್ ಕೊನೆಗೆ ಹೋಯಿತು. ನಿನ್ನ ಹೊಟ್ಟೆಯುರಿಗೆ ಇದು ಸಾಕು ಅಂದುಕೊಳ್ಳುತ್ತೇನೆ.

ನನ್ನ ಮಗಳು ನಿಹಾರಿಕಾಳೂ ನಿನ್ನ ಪಕ್ಷ. ಎಮರಿವಿಲ್‌ನ ಆಫೀಸಿನಲ್ಲಿ ಕೂತು ಕಾರ್ಟೂನ್ ಸಿನಿಮಾಗೆ ಮಾತಾಡುವ ಮೊಲಗಳನ್ನು ಬರೆಯುವ ಹುಡುಗಿ ನನಗೆ ರಸ್ತೆಯ ಬುದ್ಧಿ ಹೇಳುತ್ತಾಳೆ. ನಾನು ಕನ್ನಡದಲ್ಲಿ ಬೈದರೆ 'ದಟ್ಸ್ ನಾಟ್ ಆ್ಯನ್ ಆನ್ಸರ್, ಅಪ್ಪಾ' ಎನ್ನುತ್ತಾಳೆ. ಅವಳ ಅಪಾರ್ಟ್‌ಮೆಂಟಿಗೆ ಬಂದು ಇರಬೇಕಂತೆ, ಕೆಳಗೇ ಗ್ರೋಸರಿ ಇದೆಯಂತೆ. ಈ ದೇಶಕ್ಕೆ ಬಂದ ಮೊದಲ ವಾರ ನಾನು ಮೊದಲು ಕಲಿತದ್ದು ಕಾರು ಓಡಿಸುವುದನ್ನು. ಊಟಕ್ಕಿಂತ ಮುಂಚೆ. ಈ ಗುಡ್ಡದ ಮೇಲೆ ಕಾರಿಲ್ಲದವನು ಮೊಸರು ತರಬೇಕಾದರೂ ಇನ್ನೊಬ್ಬರ ಮುಖ ನೋಡಬೇಕು. ನಿನಗೆ ಅದು ಅಭ್ಯಾಸವಾಗಿದೆ. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟರೆ ಹಲ್ಲು ಕಿರಿಯುತ್ತೀಯ. ನನಗೆ ಯಾರಾದರೂ ಸೀಟು ಬಿಟ್ಟುಕೊಟ್ಟ ದಿನ ನಾನು ಸತ್ತೆ ಅಂತಲೇ ಲೆಕ್ಕ.

ಪ್ರಭಾ ನನ್ನ ಪಕ್ಕ ಕೂತು ಒಂದೆರಡು ಮಾತು ಹೇಳಿದರೆ ನಿನಗೇನು ಕಷ್ಟ? ಗಂಡ ಹೆಂಡತಿ ಕಾರಿನಲ್ಲಿ ಮಾತಾಡಬಾರದೇ?

ನಿನ್ನ ಕಾಲಿಗೆ ಬೀಳದ,
ವಾಸುದೇವ


ಸರಟೋಗಾ
೨೨ ಸೆಪ್ಟೆಂಬರ್ ೨೦೨೪

ಸಮದ್ ಅವರಿಗೆ,

ಫೋನ್ ಮಾಡಿದರೆ ಪಕ್ಕದ ಕೋಣೆಯಿಂದ ಇವರಿಗೆ ಕೇಳಿಸುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ. ಇವರ ಕಾಗದಕ್ಕೆ ಸ್ಟಾಂಪು ಹಚ್ಚುವವಳು ನಾನು, ನಿಮ್ಮ ಕಾಗದ ಓದಿ ಹೇಳುವವಳೂ ನಾನು. ಇಬ್ಬರ ಬೈಗುಳವೂ ನನ್ನ ಬಾಯಲ್ಲೇ ಹಾದುಹೋಗಬೇಕು. ಇಷ್ಟು ವಯಸ್ಸಾದ ಮೇಲೆ ಗಂಡಸರಿಗೆ ಮಾಡಲು ಬೇರೆ ಕೆಲಸವಿಲ್ಲವೇ?

ನಿಮ್ಮ ಅರ್ಜಿಯಿಂದ ಏನಾಯಿತು ಗೊತ್ತೇ? ಮೊದಲು ಇವರು ಬೇಕಾದಾಗ ಮಾತ್ರ ಕಾರು ತೆಗೆಯುತ್ತಿದ್ದರು. ಈಗ ದಿನಾ ತೆಗೆಯುತ್ತಾರೆ. ಕೊತ್ತಂಬರಿ ಸೊಪ್ಪಿಗೆ ಸನಿವೇಲ್‌ವರೆಗೂ ಹೋಗುತ್ತೇವೆ. ನಿಮಗೆ ತೋರಿಸಲಿಕ್ಕಂತೆ. ನೀವೆಲ್ಲಿ ನೋಡುತ್ತಿದ್ದೀರಿ?

ನಾನು ಯಾಕೆ ಆ ಕಾರಿನಿಂದ ಇಳಿಯುವುದಿಲ್ಲ ಎಂದು ನಿಹಾರಿಕಾ ಕೇಳುತ್ತಾಳೆ, ನೂರುನ್ನಿಸಾ ಕೇಳುತ್ತಾರೆ. ಇಳಿದು ನೋಡಿದ್ದೇನೆ ಸಮದ್. ಜುಲೈನಲ್ಲಿ ಒಂದು ದಿನ, ನಾನು ಬರಲ್ಲ, ನೀವೂ ಹೋಗಬೇಡಿ ಎಂದು ಗ್ಯಾರೇಜಿನಲ್ಲಿ ನಿಂತೆ. 'ಸರಿ, ಮನೇಲಿರು' ಎಂದು ಒಬ್ಬರೇ ಹೊರಟರು. ವಾಪಸ್ ಬರುವವರೆಗೆ ಡ್ರೈವ್‌ವೇಯಲ್ಲೇ ನಿಂತಿದ್ದೆ. ಪಕ್ಕದ ಮನೆಯವರು ಏನಾದರೂ ಕಳೆದುಕೊಂಡಿರಾ ಎಂದು ಕೇಳಿದರು. ಆಮೇಲೆ ಯಾವತ್ತೂ ಇಳಿದಿಲ್ಲ. ನಾನು ಪಕ್ಕದಲ್ಲಿದ್ದರೆ ಅರ್ಧ ಕಣ್ಣಾದರೂ ಇರುತ್ತದೆ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ, ನಗಬೇಡಿ. ಇಷ್ಟು ವರ್ಷ ಇವರು ರಂಗದ ಮೇಲೆ ಒಂದು ಸಲವೂ ಮಾತು ತಪ್ಪಿ ನಿಂತಿಲ್ಲ. ಜನ ಇವರ ನೆನಪಿನ ಶಕ್ತಿಗೆ ಚಪ್ಪಾಳೆ ತಟ್ಟಿದರು. ಪರದೆಯ ಹಿಂದೆ ನನಗೆ ಜಂಬವಿತ್ತು. ಆ ಜಂಬ ಈಗಲೂ ಇದೆ. ನನ್ನ ಬಾಯಿಯಿರುವ ತನಕ ಇವರು ಎಲ್ಲೂ ತಪ್ಪುವುದಿಲ್ಲ ಅಂತ.

ನೀವು ಒಂದು ಸಲ ಬಂದುಬಿಡಿ. ನಿಮ್ಮ ಮಗ ಮುಕರ್ರಮ್ ಕರೆತರುತ್ತಾನೆ. ತಪ್ಪಾಯಿತು ಎನ್ನುವುದೇನೂ ಬೇಡ, ಬಂದು ಕಾಫಿ ಕುಡಿದರೆ ಸಾಕು. ನೀವು ಎದುರಿಗೆ ಕೂತು ಹೇಳಿದರೆ ಕೀ ಕೊಡುತ್ತಾರೆ. ಇವರು ಬೇರೆ ಯಾರ ಮಾತನ್ನೂ ಕೇಳಿದವರಲ್ಲ.

ನಿಮ್ಮ,
ಪ್ರಭಾ


ಬೆರ್ರಿಯೆಸಾ
೮ ಅಕ್ಟೋಬರ್ ೨೦೨೪

ಪ್ರಭಾ ಅವರಿಗೆ,

ನಿಮ್ಮ ಕಾಗದ ಓದಿ ನೂರುನ್ನಿಸಾ ನನಗೇ ಬೈದಳು. 'ಅಕ್ಕಾ ಕರದಾರ, ಏಳ್ರಿ, ಹೋಗೂಣು' ಎಂದು ಚಪ್ಪಲಿ ತಂದಿಟ್ಟಳು. ನಾನು ಏಳಲಿಲ್ಲ.

ಕ್ಷಮಿಸಿ, ಅವನು ನನ್ನನ್ನು ಹಲ್ಲು ಕಿರಿಯುವವನು ಎಂದು ಬರೆದ ಮೇಲೆ ನಾನಾಗಿ ಆ ಮನೆಗೆ ಬಂದರೆ ಅವನು ಕೀ ಕೊಡುವುದಿಲ್ಲ, ಗೆದ್ದೆ ಎನ್ನುತ್ತಾನೆ. ಅವನನ್ನು ನಾನು ಬಲ್ಲೆ. ಬರೀ ಮೀಸೆಯ ಮನುಷ್ಯ ಅವನು, ಒಳಗೆ ಟೊಳ್ಳು. ನವೆಂಬರಿನಲ್ಲಿ ಪರೀಕ್ಷೆ ಆಗಲಿ, ಬೋರ್ಡಿನ ಮೊದಲ ಸಾಲನ್ನೂ ಓದಲಾರದೆ ಸರ್ಕಾರದ ಕೈಗೆ ಕೀ ಕೊಟ್ಟು ಬರಲಿ. ಆಮೇಲೆ ಬಂದು ಕಾಫಿ ಕುಡಿಯುತ್ತೇನೆ. ಅಲ್ಲಿಯವರೆಗೆ ನೀವು ಬೆಲ್ಟು ಬಿಗಿಯಾಗಿ ಹಾಕಿಕೊಳ್ಳಿ.

ಸಮದ್


ಸರಟೋಗಾ
೧೪ ನವೆಂಬರ್ ೨೦೨೪, ಗುರುವಾರ

ಸಮದ್,

ಒಂದು ಸಂಗತಿ ಹೇಳುತ್ತೇನೆ. ಹೇಳಿದ ಮೇಲೆ ನೀನು ಮೀಸೆಯೊಳಗೆ ನಗುತ್ತೀಯ. ನಗು.

ಎರಡು ವಾರದ ಹಿಂದೆ ಪ್ರಭಾಳಿಗೆ ನೆಗಡಿಯಾಗಿ ಗಂಟಲು ಕಟ್ಟಿತು. ದನಿಯೇ ಇಲ್ಲ. ಮಾತಿನ ಬದಲು ನನ್ನ ಮೊಣಕಾಲು ತಟ್ಟುವುದು ಎಂದು ಮಾಡಿಕೊಂಡೆವು. ಒಂದು ತಟ್ಟಿದರೆ ನಿಲ್ಲು, ಎರಡು ತಟ್ಟಿದರೆ ಹೊರಡು. ಗ್ರೋಸರಿಗೆ ಹೋಗುವಾಗ ಒಂದು ಸ್ಟಾಪ್ ಸೈನಿನ ಹತ್ತಿರ ಒಂದು ತಟ್ಟಿದಳು, ನಾನು ಎರಡು ಅಂದುಕೊಂಡೆ. ಅವಳು ಸ್ಟಿಯರಿಂಗನ್ನೇ ಹಿಡಿದುಕೊಂಡಳು. ಬ್ರೇಕ್ ಹಾಕಿದೆ. ಗಾಡಿಯ ಮುಂದೆ ಡೇಕೇರಿನ ಮಕ್ಕಳು, ಒಂದೇ ಹಗ್ಗ ಹಿಡಿದುಕೊಂಡು ಸಾಲಾಗಿ ರಸ್ತೆ ದಾಟುತ್ತಿದ್ದವು. ನನಗೆ ಕಂಡದ್ದು ಹಗ್ಗದ ಎರಡು ತುದಿ ಮಾತ್ರ. ನಡುವೆ ಮಕ್ಕಳಿರಲಿಲ್ಲ, ಬರೀ ಬೂದಿ ಬಣ್ಣ. ಒಂದು ಮಗು ಬಾನೆಟ್ಟಿನ ಮೇಲೆ ಕೈಯಿಟ್ಟು ನಕ್ಕಿತಂತೆ. ಪ್ರಭಾ ಆಮೇಲೆ ಹೇಳಿದಳು.

ಅಂದಿನಿಂದ ನನಗೆ ಊಟ ಸೇರುತ್ತಿಲ್ಲ.

ಸಾಕು. ಕೀ ಬಿಟ್ಟುಕೊಡುತ್ತೇನೆ. ಡಿಎಂವಿಯ ಕೌಂಟರಿನಲ್ಲಿರುವ ಹುಡುಗನಿಗಲ್ಲ, ಮೊಲ ಬರೆಯುವ ಮಗಳಿಗೂ ಅಲ್ಲ. ನಿನಗೇ. ಇದರಲ್ಲಿ ಸೋಲು ಗೀಲು ಏನಿಲ್ಲ, ನನ್ನಷ್ಟಕ್ಕೆ ನಾನು ತೀರ್ಮಾನಿಸಿದ್ದು. ಫೋನ್ ಮಾಡುವುದಿಲ್ಲ ಎಂದವನು ಮಾಡುವುದಿಲ್ಲ. ಕಾಗದ ಬರೆಯುತ್ತಿದ್ದೇನೆ, ಶನಿವಾರ ಬೆಳಿಗ್ಗೆ ಬರುತ್ತೇನೆ. ತರಗತಿಗೆ ರಜೆ ಹೇಳಿದ್ದೇನೆ. ಕಾರನ್ನು ತೊಳೆಸಿ, ಒಳಗೆಲ್ಲ ವ್ಯಾಕ್ಯೂಮ್ ಮಾಡಿಸಿ, ಟ್ಯಾಂಕು ತುಂಬಿಸಿದ್ದೇನೆ. ಪ್ರಭಾ ಊಬರಿನಲ್ಲಿ ಹೋಗೋಣ ಎಂದಳು. ಊಬರಿನ ಹಿಂದಿನ ಸೀಟಿನಲ್ಲಿ ಕೂತು ಬಂದು ಕೀ ಒಪ್ಪಿಸುವುದು ಎಂಥ ನಾಚಿಕೆಗೇಡು! ಕಾರು ಬೇಡವೆನ್ನುವವನು ಕಾರಿನಲ್ಲೇ ಬಂದು ಬೇಡ ಎನ್ನಬೇಕು.

ಇದು ಕೊನೆಯ ಸಲ. ಫ್ರೀವೇ ನನಗೆ ಅಂಗೈಯಷ್ಟು ಗೊತ್ತು. ಪ್ರಭಾಳ ಗಂಟಲು ಸರಿಹೋಗಿದೆ, ಆದರೂ ಶನಿವಾರ ಬಾಯಿ ತೆರೆಯಕೂಡದು ಎಂದು ಹೇಳಿದ್ದೇನೆ. ಕೊನೆಯ ಪ್ರವೇಶ ಪ್ರಾಂಪ್ಟರ್ ಇಲ್ಲದೆಯೇ ಆಗಬೇಕು. ಆಗಲಿ ಎಂದಿದ್ದಾಳೆ.

ನೂರುನ್ನಿಸಾಗೆ ತಿಂಡಿ ಮಾಡಿಡಲು ಹೇಳು. ನೀನು ಬಾಗಿಲಲ್ಲಿ ನಿಂತಿರು.

ವಾಸುದೇವ


ಬೆರ್ರಿಯೆಸಾ
೩೦ ನವೆಂಬರ್ ೨೦೨೪

ವಾಸುದೇವನಿಗೆ,

ನಿನ್ನ ಕಾಗದ ಆ ಶನಿವಾರ ಮಧ್ಯಾಹ್ನದ ಟಪಾಲಿನಲ್ಲಿ ಬಂದಿರಬೇಕು. ನಾನು ಡಬ್ಬಿ ತೆಗೆದದ್ದು ಸಂಜೆ, ಮುಕರ್ರಮ್ ನನ್ನನ್ನು ಆಸ್ಪತ್ರೆಯಿಂದ ಮನೆಗೆ ತಂದು ಬಿಟ್ಟ ಮೇಲೆ. 'ನೀನು ಬಾಗಿಲಲ್ಲಿ ನಿಂತಿರು' ಎಂದು ಅಂಗಡಿ ಬೋರ್ಡಿನಂಥ ಅಕ್ಷರದಲ್ಲಿ ಬರೆದಿದ್ದೆ. ಅದನ್ನು ಓದುವಾಗ ಪ್ರಭಾ ಹೋಗಿ ಗಂಟೆಗಳಾಗಿದ್ದವು.

ಬೆಳಿಗ್ಗೆ ನಾನು ಮನೆಯೊಳಗೆ ಚಹಾ ಕುಡಿಯುತ್ತಿದ್ದೆ. ಪೀಡ್‌ಮಾಂಟ್ ರಸ್ತೆಯ ಸಿಗ್ನಲ್ ನಮ್ಮ ಮನೆಗೆ ಕೂಗಳತೆ. ಸದ್ದು ಕೇಳಿಸಿತು, ಆಮೇಲೆ ಸೈರನ್ ಕೇಳಿಸಿತು. ಯಾವನೋ ಕತ್ತೆ ಕೆಂಪು ದೀಪ ಹಾರಿಸಿರಬೇಕು ಎಂದು ನೂರುನ್ನಿಸಾಗೆ ಹೇಳಿದೆ. ಹಾಗೆಂದು ಹೇಳಿ ಚಹಾ ಮುಗಿಸಿದೆ.

ಗ್ರೀಕರ ನಾಟಕದಲ್ಲಿ ಸಾವನ್ನು ರಂಗದ ಮೇಲೆ ತೋರಿಸುವುದಿಲ್ಲ, ಓಲೆಕಾರ ಬಂದು ಹೇಳುತ್ತಾನೆ. ನೀನು ಎಷ್ಟು ಸಲ ಪಾಠ ಮಾಡಿದ್ದೀಯ. ನನ್ನ ಮನೆಗೆ ಓಲೆಕಾರನಾಗಿ ಬಂದದ್ದು ನಿನ್ನ ಮಗಳ ಫೋನು. ಕನ್ನಡ ಬಾರದು ಎಂದು ನೀನು ಆಡಿಕೊಳ್ಳುವ ಹುಡುಗಿ 'ಸಮದ್ ಅಂಕಲ್, ಅಮ್ಮ ಇಲ್ಲ' ಎಂದು ಕನ್ನಡದಲ್ಲೇ ಹೇಳಿದಳು.

ನಿನ್ನನ್ನು ನಾನು ತಿರಸ್ಕರಿಸುತ್ತೇನೆ. ಇದನ್ನು ತಮಾಷೆಗೆ ಬರೆಯುತ್ತಿಲ್ಲ. ಸೋಲುವುದಕ್ಕೂ ಕಾರು ತೊಳೆಸಿಕೊಂಡು ಹೊರಟ ಮನುಷ್ಯ ನೀನು. ಕಿರೀಟ ತನ್ನಿ, ಕಹಳೆ ಊದಿ! ಒಂದು ಫೋನ್ ಮಾಡಿದ್ದರೆ ನಾನೇ ಬರುತ್ತಿದ್ದೆ, ನಿನ್ನ ಬಾಗಿಲಲ್ಲಿ ಕೈಯೊಡ್ಡಿ ನಿಲ್ಲುತ್ತಿದ್ದೆ. ಮಾಡಲಿಲ್ಲ.

ಪ್ರಭಾ ಅವರು ಸೆಪ್ಟೆಂಬರಿನಲ್ಲಿ ಕಾಗದ ಬರೆದು ನನ್ನನ್ನು ಕರೆದಿದ್ದರು. ಕಾಫಿ ಕುಡಿದರೆ ಸಾಕು ಎಂದಿದ್ದರು. ನಾನು ಹೋಗಲಿಲ್ಲ. ನೂರುನ್ನಿಸಾ ಆವತ್ತು ತಂದಿಟ್ಟ ಚಪ್ಪಲಿ ಇವತ್ತೂ ಬಾಗಿಲ ಬಳಿ ಇದೆ, ಅವಳು ಎತ್ತಿಡುತ್ತಿಲ್ಲ. ನಾನು ಯಾವ ಕಣಿಗಾರ? ಕಂಡದ್ದನ್ನು ಹೇಳಿ, ಮನೆಯಲ್ಲಿ ಕೂತು ನನ್ನ ಮಾತು ನಿಜವಾಗಲಿ ಎಂದು ಕಾದವನು. ನನಗೂ ನಿನಗೂ ಏನು ವ್ಯತ್ಯಾಸ ಎಂದು ಹುಡುಕುತ್ತಿದ್ದೇನೆ. ಸಿಗುತ್ತಿಲ್ಲ.

ಇನ್ನು ಬರೆಯಬೇಡ.

ಸಮದ್


ಎಮರಿವಿಲ್
೨೫ ಜನವರಿ ೨೦೨೫

ಸಮದ್,

ಬರೆಯಬೇಡ ಎಂದೆ. ಬರೆಯುತ್ತಿದ್ದೇನೆ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಓದಿ ಹೇಳುವವರಿಲ್ಲ. ನಿಹಾರಿಕಾಳಿಗೆ ಕನ್ನಡ ಅಕ್ಷರ ಬರುವುದಿಲ್ಲ. ಫೋನಿಗೆ ತೋರಿಸಿದರೆ ಅದೇ ಓದುತ್ತದೆ ಎಂದಳು, ಬೇಡವೆಂದೆ. ಭೂತಗನ್ನಡಿ ಹಿಡಿದು, ಕತ್ತು ಓರೆ ಮಾಡಿ, ಕಣ್ಣಿನ ಅಂಚಿನಿಂದ ಒಂದೊಂದೇ ಅಕ್ಷರ ಕೂಡಿಸಿ ಓದಿದೆ. 'ತಿರಸ್ಕರಿಸುತ್ತೇನೆ' ಎಂಬ ಒಂದು ಮಾತಿಗೆ ಒಂದು ಇಡೀ ಬೆಳಗು ಹಿಡಿಯಿತು. ಸರಿಯಾಗಿಯೇ ಬರೆದಿದ್ದೀಯ. ನಿನ್ನಷ್ಟು ಚೆನ್ನಾಗಿ ನನ್ನನ್ನು ಯಾರೂ ಬೈದಿಲ್ಲ.

ನನಗೆ ಒಂದು ಪಕ್ಕೆಲುಬು ಮುರಿದದ್ದು ಬಿಟ್ಟರೆ ಏನೂ ಆಗಲಿಲ್ಲ. ಇನ್ನೊಂದು ಗಾಡಿಯವನೂ ಬದುಕಿದ. ಲೈಸೆನ್ಸು ಪೊಲೀಸಿನವರ ಹತ್ತಿರ ಹೋಯಿತು. ಕೋರ್ಟಿನ ವಿಷಯ ವಕೀಲರು ಹೇಳುತ್ತಿರುತ್ತಾರೆ, ನಾನು ಕೇಳಿಸಿಕೊಳ್ಳುವುದಿಲ್ಲ. ಏನು ಶಿಕ್ಷೆ ಕೊಟ್ಟರೂ ಕಡಿಮೆಯೇ.

ಆವತ್ತು ಪ್ರಭಾ ರೇಷ್ಮೆ ಸೀರೆ ಉಟ್ಟಿದ್ದಳು. ಕೇಳಿದರೆ, 'ಕೊನೇ ಶೋ ಅಲ್ವಾ' ಎಂದಳು. ಮಾತು ಕೊಟ್ಟ ಹಾಗೆ ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ. ಫ್ರೀವೇ ಇಳಿದೆವು, ನಿನ್ನ ಬೆರ್ರಿಯೆಸಾ ರಸ್ತೆಗೆ ತಿರುಗಿದೆವು, ಬೆಳಗಿನ ಬಿಸಿಲು ನೇರ ಕಣ್ಣಿಗೆ ಬಂತು. ನೋಡಿದೆಯಾ, ಬಂದೇಬಿಟ್ಟೆ ಎಂದೆ. ಆಗ ಅವಳು ಕೂಗಿದಳು. ಮೆಲ್ಲಗೆ ಅಲ್ಲ ಸಮದ್, ಅಷ್ಟು ವರ್ಷ ಪಿಸುಮಾತಿನಲ್ಲಿ ಹೇಳಿಕೊಟ್ಟವಳು ಅವತ್ತು ಗಂಟಲು ಹರಿಯುವ ಹಾಗೆ ಕೂಗಿದಳು. 'ಕೆಂಪೂ' ಅಂತ.

ಪೊಲೀಸಿನವರು ಕೇಳಿದರು, ಹೆಂಡತಿ ಎಚ್ಚರಿಸಿದರೇ ಎಂದು. ಹೌದು ಎಂದೆ. ನಿಹಾರಿಕಾ ಅದಕ್ಕಿಂತ ಮುಂದಿನದನ್ನು ಕೇಳುತ್ತಾಳೆ. ಊಟಕ್ಕೆ ಕೂತಾಗ, ಪಾತ್ರೆ ತೊಳೆಯುವಾಗ, ಯಾವಾಗಲೋ ಕೇಳುತ್ತಾಳೆ. 'ಅಪ್ಪಾ, ವಾಟ್ ಡಿಡ್ ಯು ಸೇ ಟು ಹರ್?' ಕೊನೆಯದಾಗಿ ಅಮ್ಮನಿಗೆ ಒಂದು ಒಳ್ಳೆಯ ಮಾತು ಹೇಳಿದೆನೆಂದು ಕೇಳುವ ಆಸೆ ಅವಳಿಗೆ. ನೆನಪಿಲ್ಲ ಎನ್ನುತ್ತೇನೆ. ನೆನಪಿದೆ. ನಿನಗೆ ಬರೆಯುತ್ತೇನೆ, ಇದನ್ನು ಅವಳು ಓದಲಾರಳು. 'ನಂಗ್ ಕಾಣ್ಸತ್ತೆ, ಸುಮ್ನಿರೇ ನೀನು' ಎಂದೆ.

ಅವಳು ಸುಮ್ಮನಾದಳು.

ನಿನ್ನ ನಂಬರನ್ನು ಬ್ಲಾಕಿನಿಂದ ತೆಗೆಸಿದ್ದೇನೆ. ನಾನೇ ಫೋನ್ ಮಾಡಬೇಕು, ಗೊತ್ತು. ನಿಹಾರಿಕಾ ನಂಬರ್ ಒತ್ತಿ ಕೈಗೆ ಕೊಟ್ಟಳು, ಆಚೆಯಿಂದ ನೀನು 'ಹಲೋ' ಎಂದೆ. ಮೊದಲ ಶಬ್ದ ಎತ್ತಿಕೊಡುವವರಿಲ್ಲದೆ ನಿಂತುಬಿಟ್ಟೆ. ಇಟ್ಟೆ. ಮೊನ್ನೆ ಮಂಗಳವಾರ ಮಾತಾಡದೆ ಇಟ್ಟವನು ನಾನೇ.

ನಿಹಾರಿಕಾ ನನ್ನನ್ನು ಅಲ್ಲಿ ಇಲ್ಲಿ ಕರೆದುಕೊಂಡು ಹೋಗುತ್ತಾಳೆ. ಹಿಂದಿನ ಸೀಟಿನಲ್ಲಿ ಕೂರುತ್ತೇನೆ. ಗಾಡಿ ಸಿಗ್ನಲಿನಲ್ಲಿ ನಿಂತಾಗಲೆಲ್ಲ ನನ್ನ ಬಲಗಾಲು ಬ್ರೇಕ್ ಒತ್ತಿ ಹಿಡಿದಿರುತ್ತದೆ, ಅಲ್ಲಿ ಬ್ರೇಕ್ ಇಲ್ಲ. ಕಿವಿ ಕೊಟ್ಟು ಕಾಯುತ್ತೇನೆ, ಮುಂದಿನ ಸೀಟಿನಿಂದ ಮೆಲ್ಲಗೆ ಹಸಿರು ಎನ್ನಲಿ ಎಂದು. ಯಾರೂ ಎನ್ನುವುದಿಲ್ಲ. ಗಾಡಿ ಹೊರಟುಬಿಡುತ್ತದೆ, ನನ್ನ ಕಾಲು ಮಾತ್ರ ಇನ್ನೂ ಒತ್ತಿಕೊಂಡೇ ಇರುತ್ತದೆ.

ವಾಸುದೇವ